ಲ್ಯಾಂಬ್ಡಾ ಒಂದಕ್ಕೆ ಬರುವವರೆಗೆ

ನಮ್ಮ ಗಾಡಿ ಹೊಗೆ ಪರೀಕ್ಷೆಯಲ್ಲಿ ಫೇಲಾದ ದಿನ ಶಿರಸಿಯಲ್ಲಿ ಬೆಳಗಿನಿಂದ ಕರೆಂಟಿರಲಿಲ್ಲ. ಆಗಸ್ಟ್ ತಿಂಗಳು, ಮಳೆ ಹಿಡಿದು ಆರು ದಿನವಾಗಿತ್ತು. ಹುಬ್ಬಳ್ಳಿ ರಸ್ತೆಯ ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಗೂಡಂಗಡಿಯಷ್ಟಿರುವ ಒಂದು ಎಮಿಷನ್ ಕೇಂದ್ರ. ಒಳಗೆ ಒಂದು ಕಂಪ್ಯೂಟರ್, ಒಂದು ಮೆಷಿನ್, ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಮೇಲೆ ಇಪ್ಪತ್ತೈದರ ಆಸುಪಾಸಿನ ಹುಡುಗ.

"ಯುಪಿಎಸ್ ಇದೆ ಮೇಡಂ. ಆದ್ರೆ ಮೆಷಿನ್ ಬಿಸಿಯಾಗೂಕೇ ಹತ್ತು ಹದಿನೈದು ನಿಮಿಷ ಬೇಕು. ಅಷ್ಟ್ರಲ್ಲಿ ಯುಪಿಎಸ್ಸೇ ಮಲಗ್ತದೆ. ಕರೆಂಟ್ ಬರ್ಲಿ, ಕೂತ್ಕಳಿ" ಅಂದ.

ಗಾಡಿಯಲ್ಲೇ ಕೂತು ಎಂಟನೇ ತರಗತಿಯ ಗಣಿತದ ಉತ್ತರಪತ್ರಿಕೆ ತಿದ್ದತೊಡಗಿದೆ. ಒಂದು ಸಲ ಹೊರಗೆ ಬಂದವನು ಕೆಂಪು ಪೆನ್ನು ನೋಡಿದ. ಅಲ್ಲಿಂದ ಮುಂದೆ ನಾನು ಮೇಡಂ ಹೋಗಿ "ಅಕ್ಕೋರು" ಆದೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಅದೇ ಹೆಸರು. ಅಕ್ಕೋರು ಅಂದಮೇಲೆ ಸ್ವಲ್ಪ ಬಿಡಿಸಿ ಹೇಳಬೇಕು ಅಂತ ಅವನಿಗೆ ಅನಿಸಿರಬೇಕು. ಆ ದಿನ ಆತ ಹೇಳಿದಷ್ಟನ್ನು ಹಿಂದಿನ ವರ್ಷಗಳಲ್ಲಿ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ.

ಗಾಡಿ 2018ರದ್ದು. ಪೆಟ್ರೋಲ್ ಎಸ್‌ಯುವಿ, ಬಿಎಸ್-4, ಅಂದರೆ ಸರ್ಕಾರದ ಹೊಗೆ ಮಾನದಂಡದ ನಾಲ್ಕನೇ ಹಂತದ್ದು. ಯಾವ ಕಂಪನಿ ಅನ್ನುವುದು ಬೇಡ, ಮುಂದೆ ಬರುವ ತಪ್ಪುಗಳಲ್ಲಿ ಅವರದ್ದೇನೂ ಇಲ್ಲ. ಹುಲೇಕಲ್ ರಸ್ತೆಯ ನಮ್ಮ ಮನೆಯಿಂದ ನನ್ನ ಶಾಲೆಗೆ ಮೂರು ಕಿಲೋಮೀಟರ್. ವಾರದಲ್ಲಿ ಆರು ದಿನ ಅಷ್ಟೇ ಅದರ ಓಡಾಟ. ಮಗಳು ಕಾರವಾರದಲ್ಲಿ ಓದುತ್ತಿರುವುದರಿಂದ ತಿಂಗಳಿಗೆ ಒಮ್ಮೆ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಅಲ್ಲಿಗೆ ಹೋಗುತ್ತದೆ. ಅಲ್ಲಿ ಒಂದು ರಾತ್ರಿ ಸಮುದ್ರದ ಗಾಳಿಗೆ ಮೈಯೊಡ್ಡಿ ನಿಂತು, ಮರುದಿನ ಘಟ್ಟ ಹತ್ತುತ್ತದೆ. ಕಾಗದದ ಮೇಲೆ ಐದು ಜನರ ಗಾಡಿ. ನಮ್ಮಲ್ಲಿ ಐದು ಜನ, ಎರಡು ಚೀಲ ತೆಂಗಿನಕಾಯಿ, ಉಪ್ಪಿನಕಾಯಿ ಭರಣಿ, ಹಲಸಿನ ಕಾಲದಲ್ಲಿ ಎರಡು ಹಲಸಿನಹಣ್ಣು. ಮೀಟರಿನಲ್ಲಿ 84,000 ಕಿಲೋಮೀಟರ್ ದಾಟಿತ್ತು.

ಹೊಸ ಗಾಡಿಗೆ ಮೊದಲ ವರ್ಷ ಹೊಗೆ ಪ್ರಮಾಣಪತ್ರ ಬೇಕಾಗುವುದಿಲ್ಲ. ಆಮೇಲೆ ಬಿಎಸ್-4, ಬಿಎಸ್-6 ಗಾಡಿಗಳಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳಿಗೊಮ್ಮೆ. ಅಂದರೆ ಅಷ್ಟು ಹೊತ್ತಿಗೆ ನನ್ನ ಬಳಿ ಆರು ಕಾಗದ ಇದ್ದವು. ಆರರಲ್ಲೂ ಪಾಸ್.

ಹನ್ನೊಂದೂವರೆಗೆ ಕರೆಂಟು ಬಂತು. ಹುಡುಗ ಮೆಷಿನ್ ಹಚ್ಚಿದ. ಅದರ ಪಕ್ಕದ ಗಾಜಿನ ಸಣ್ಣ ಬಟ್ಟಲಲ್ಲಿ ಅರ್ಧದಷ್ಟು ನೀರು ನಿಂತಿತ್ತು. ತಿರುಪು ಬಿಚ್ಚಿ ಚೆಲ್ಲಿದ.

"ಮಳೆನೀರಾ?" ಕೇಳಿದೆ.

"ಅಲ್ಲ ಅಕ್ಕೋರೇ, ಗಾಡಿಯದ್ದು. ಪೆಟ್ರೋಲ್ ಸುಟ್ರೆ ನೀರೇ ಬರೂದು."

ಆ ಮಾತು ನನ್ನ ತಲೆಯಲ್ಲಿ ಕೂತಿತು. ರಾತ್ರಿ ಲೆಕ್ಕ ಹಾಕಿ ನೋಡಿದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನ ಹೈಡ್ರೋಜನ್ನು ಗಾಳಿಯ ಆಮ್ಲಜನಕದ ಜೊತೆ ಸೇರಿ ಆಗುವ ನೀರು. ಬೆಳಿಗ್ಗೆ ಗಾಡಿ ಶುರು ಮಾಡಿದಾಗ ಸೈಲೆನ್ಸರಿನ ತುದಿಯಿಂದ ತೊಟ್ಟಿಕ್ಕುವುದು ಅದೇ. ಈ ನೀರೇ ನಮ್ಮ ಕಥೆಯ ಅರ್ಧ ಖಳನಾಯಕ ಅಂತ ಆಗ ಗೊತ್ತಿರಲಿಲ್ಲ.

ಮೆಷಿನ್ ತನ್ನನ್ನು ತಾನು ಸೊನ್ನೆಗೆ ತಂದುಕೊಂಡಿತು. ಉದ್ದ ಕೊಳವೆಯ ತುದಿಗೆ ಉಕ್ಕಿನ ನಳಿಗೆ. ಅದನ್ನು ಸೈಲೆನ್ಸರಿಗೆ ತೂರಿಸಿದ. ಒಂದು ಅಡಿಯಷ್ಟು ಒಳಗೆ ಹೋಯಿತು, ಹಿಡಿಕೆಯ ಕ್ಲಿಪ್ಪಿನಿಂದ ಕಚ್ಚಿಸಿದ. ಅಷ್ಟು ಆಳಕ್ಕೆ ಹೋಗುವುದನ್ನು ನಾನು ನೋಡಿದ್ದು ಅದೇ ಮೊದಲು. ಎಸಿ ಬಂದ್, ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಪರದೆಯ ಮೇಲೆ ಅಂಕಿಗಳು ಕುಣಿದವು. ನಿಂತಲ್ಲೇ ಉಸಿರಾಡುವ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ 0.71, ಹೈಡ್ರೋಕಾರ್ಬನ್, ಅಂದರೆ ಸುಡದೆ ಉಳಿದ ಪೆಟ್ರೋಲ್, 386.

"ಇದನ್ನ ಆನ್‌ಲೈನಿಗೆ ಏರಿಸೂದಿಲ್ಲ" ಅಂದ. "ನಿಮ್ಮ ಗಾಡಿ ಎರಡು ತಾಸು ಮಳೇಲಿ ನಿಂತು ತಣ್ಣಗಾಗಿದೆ. ಕ್ಯಾಟಲಿಟಿಕ್ ಕನ್ವರ್ಟರ್ ಕೆಲ್ಸ ಶುರು ಮಾಡ್ಲಿಲ್ಲ. ಇಸಳೂರಿನವರೆಗೆ ಹೋಗಿ ಬನ್ನಿ."

ನನಗೆ ಸ್ವಲ್ಪ ಸಿಟ್ಟು ಬಂತು. ಆದರೂ ಹೋದೆ. ಆಮೇಲೆ ಓದಿ ತಿಳಿದುಕೊಂಡಂತೆ ಅವನ ಮಾತು ಅಕ್ಷರಶಃ ನಿಜ. ಕನ್ವರ್ಟರ್ ಅಂದರೆ ಒಳಗೆ ಜೇನುಹುಟ್ಟಿನಂಥ ಕಣ್ಣುಗಳಿರುವ ಪಿಂಗಾಣಿ ತುಂಡು. ಆ ಕಣ್ಣುಗಳ ಗೋಡೆಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪ. ಹೆಚ್ಚುಕಡಿಮೆ 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಿಸಿಯಾದಮೇಲೆ ಅದು ಮೈಕೊಡವಿ ಎದ್ದು, ವಿಷದ ಮಾನಾಕ್ಸೈಡನ್ನು ಡೈಆಕ್ಸೈಡ್ ಮಾಡುತ್ತದೆ, ಸುಡದೆ ಉಳಿದ ಪೆಟ್ರೋಲನ್ನು ಸುಡುತ್ತದೆ, ನೈಟ್ರೋಜನ್ ಆಕ್ಸೈಡುಗಳನ್ನು ಒಡೆಯುತ್ತದೆ. ಅಲ್ಲಿಯವರೆಗೆ ಅದು ಸೈಲೆನ್ಸರಿನ ದಾರಿಯಲ್ಲಿ ಕೂತ ಒಂದು ದುಬಾರಿ ಕಲ್ಲು, ಅಷ್ಟೇ. ದಿನಾ ಮೂರು ಕಿಲೋಮೀಟರ್ ಓಡಿಸಿ ಶಾಲೆಯ ಗೇಟಿನ ಎದುರು ನಿಲ್ಲಿಸುವ ನಾನು, ದಾರಿಯ ಒಳ್ಳೆಯ ಭಾಗವನ್ನು ಆ ಕಲ್ಲು ಏಳುವ ಮೊದಲೇ ಮುಗಿಸುತ್ತಿದ್ದೆ.

ಇಸಳೂರಿಂದ ವಾಪಸ್ ಬಂದು, ಎಂಜಿನ್ ಬಂದ್ ಮಾಡದೆಯೇ ನಳಿಗೆ ಹಾಕಿಸಿದೆ. ಮಾನಾಕ್ಸೈಡ್ 0.09ಕ್ಕೆ ಇಳಿದಿತ್ತು. ಬಿಎಸ್-4 ಪೆಟ್ರೋಲ್ ಗಾಡಿಗೆ 0.3 ಪ್ರತಿಶತದವರೆಗೆ ಬಿಡುಗಡೆ, ಹಾಗಾಗಿ ಪಾಸ್. ಹೈಡ್ರೋಕಾರ್ಬನ್ 262. ಮಿತಿ ಹತ್ತು ಲಕ್ಷಕ್ಕೆ 200 ಭಾಗ. ಫೇಲ್.

"ಈಗ ರೇಸ್ ಕೊಡಿ. ಎರಡೂವರೆ ಸಾವಿರದಲ್ಲಿ ಮುಳ್ಳು ನಿಲ್ಸಿ. ಅಲ್ಲಾಡಿಸ್ಬೇಡಿ."

ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವ ಮುಳ್ಳನ್ನು ಕಾಲಿನ ತುದಿಯಲ್ಲಿ 2,500ರಲ್ಲಿ ಹಿಡಿದು ನಿಲ್ಲಿಸುವುದು ಸೂಜಿಗೆ ದಾರ ಪೋಣಿಸಿದ ಹಾಗೆ. 200 ಆಚೀಚೆ ನಡೆಯುತ್ತದಂತೆ. ಈ ಸುತ್ತಿನಲ್ಲಿ ಮಾನಾಕ್ಸೈಡಿನ ಮಿತಿ 0.2, ನಮ್ಮದು 0.06. ಪಾಸ್. ಕೊನೆಯ ಸಾಲಿನಲ್ಲಿ ಒಂದು ಗ್ರೀಕ್ ಅಕ್ಷರ, ಅದರ ಮುಂದೆ 1.06. ಕೆಂಪು ಬಣ್ಣದಲ್ಲಿ.

"ಲ್ಯಾಂಬ್ಡಾ ಫೇಲು."

ಗಣಿತ ಕಲಿಸುವವಳು, ಗ್ರೀಕ್ ಅಕ್ಷರದ ಪರಿಚಯ ಇದೆ. ಆದರೆ ನನ್ನ ಗಾಡಿಯ ಹಿಂದೆ ಅದಕ್ಕೇನು ಕೆಲಸ? ಹುಡುಗ ಅನ್ನದ ಉದಾಹರಣೆ ಕೊಟ್ಟ. ಒಂದು ಪಾವು ಅಕ್ಕಿಗೆ ಇಷ್ಟು ನೀರು ಅಂತಿರುವ ಹಾಗೆ, ಒಂದು ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ. ಎಥನಾಲ್ ಬೆರೆತಿದ್ದರೆ ಸ್ವಲ್ಪ ಕಡಿಮೆ ಸಾಕು. ಸರಿಯಾಗಿ ಬೇಕಾದಷ್ಟೇ ಗಾಳಿ ಇದ್ದರೆ ಲ್ಯಾಂಬ್ಡಾ ಒಂದು. ಗಾಳಿ ಹೆಚ್ಚಾದರೆ ಒಂದಕ್ಕಿಂತ ಮೇಲೆ, ಪೆಟ್ರೋಲ್ ಹೆಚ್ಚಾದರೆ ಕೆಳಗೆ. ಮಿತಿ 0.97ರಿಂದ 1.03. ನಮ್ಮ ಹೊಗೆಯಲ್ಲಿ ಬೇಡದ ಗಾಳಿ ಇದೆ, ಎಲ್ಲಿಂದಲೋ ನುಗ್ಗುತ್ತಿದೆ.

"ಬೇರೆ ನಾಲ್ಕು ಅಂಕಿ ಏನಾರೂ ಹೇಳ್ಲಿ ಅಕ್ಕೋರೇ, ಲ್ಯಾಂಬ್ಡಾ ಸುಳ್ಳು ಹೇಳೂದು ಕಡಿಮೆ" ಅಂದ. ಅರ್ಥ ಆಮೇಲೆ ಆಯಿತು.

ತಿರಸ್ಕಾರದ ಚೀಟಿ ಕೈಗೆ ಬಂತು. 2021ರಲ್ಲಿ ದೇಶಕ್ಕೆಲ್ಲ ಒಂದೇ ನಮೂನೆಯ ಪ್ರಮಾಣಪತ್ರ ತಂದಾಗ ಜೊತೆಗೇ ತಂದ ವ್ಯವಸ್ಥೆ ಅದು. ಫೇಲಾದರೆ ಯಾವ ಅಂಕಿಯಲ್ಲಿ ಫೇಲು ಅಂತ ಬರೆದು ಕೊಡಬೇಕು, ಅದನ್ನು ಗ್ಯಾರೇಜಿಗೆ ಒಯ್ಯಬಹುದು. ಮಕ್ಕಳ ಉತ್ತರಪತ್ರಿಕೆಯ ಕಟ್ಟಿನ ಮೇಲೆ ನನ್ನದನ್ನೂ ಇಟ್ಟುಕೊಂಡು ಮನೆಗೆ ಬಂದೆ.

ಅತ್ತೆಗೆ ಇದು ಅರ್ಥವೇ ಆಗಲಿಲ್ಲ. "ಹೊಗೆನೇ ಬತ್ತಿಲ್ಲೆ, ಎಂತಾ ನೋಡ್ತ್ವಡ?" ಅಂದರು. ನ್ಯಾಯವಾದ ಪ್ರಶ್ನೆ. ಕಣ್ಣಿಗೆ ಕಾಣುವ ಹೊಗೆ ಡೀಸೆಲಿನ ಲೆಕ್ಕ. ಅದಕ್ಕೆ ಬೇರೆಯೇ ಯಂತ್ರ, ಹೊಗೆಯ ಮೂಲಕ ಬೆಳಕು ಹಾಯಿಸಿ ಎಷ್ಟು ಮಸುಕಾಯಿತು ಅಂತ ನೋಡುವುದು. ಪೆಟ್ರೋಲಿನ ಕೆಡುಕಿಗೆ ಬಣ್ಣ ಇಲ್ಲ. ಮಾನಾಕ್ಸೈಡಿಗೆ ವಾಸನೆಯೂ ಇಲ್ಲ. ಅದನ್ನು ಹಿಡಿಯಲು ಮೆಷಿನ್ ಅತಿಗೆಂಪು ಕಿರಣ ಬಿಡುತ್ತದೆ. ಒಂದೊಂದು ಅನಿಲ ಒಂದೊಂದು ಅಲೆಯುದ್ದವನ್ನು ಹೀರಿಕೊಳ್ಳುತ್ತದೆ, ಎಷ್ಟು ಹೀರಿತು ಅನ್ನುವುದರ ಮೇಲೆ ಎಷ್ಟಿದೆ ಅಂತ ಲೆಕ್ಕ. ಅತ್ತೆಗೆ ನಾನು ಇಷ್ಟನ್ನು ಹೇಳಲಿಲ್ಲ. "ಗಾಡಿಗೆ ಜ್ವರ" ಅಂದೆ, ಒಪ್ಪಿಕೊಂಡರು.

ನಮ್ಮವರು ಹಳೆಯ ಕಾಗದ ತೆಗೆದು ನೋಡಿದರು. ಹೋದ ವರ್ಷದ್ದರಲ್ಲಿ ಹೈಡ್ರೋಕಾರ್ಬನ್ 12. ಒಂದೇ ವರ್ಷದಲ್ಲಿ 12 ಇದ್ದದ್ದು 262?

ಇಲ್ಲಿ ನನ್ನ ಮರ್ಯಾದೆಯ ಪ್ರಶ್ನೆಯೂ ಇದೆ, ಆದರೂ ಹೇಳುತ್ತೇನೆ. ಹೋದ ವರ್ಷ ಮಾಡಿಸಿದ್ದು ಬೇರೆ ಕಡೆ, ಬೇರೆ ಊರಿನ ಕೇಂದ್ರದಲ್ಲಿ. ಕಾರವಾರಕ್ಕೆ ಹೋಗುವ ಅವಸರ. ಅಲ್ಲಿದ್ದವನು ನಂಬರ್ ಪ್ಲೇಟಿನ ಫೋಟೋ ತೆಗೆದ, ಒಟಿಪಿ ಕೇಳಿದ, "ಆಯ್ತು, ನೀವು ಹೊರಡಿ, ವಾಟ್ಸಾಪಿಗೆ ಕಳಿಸ್ತೇನೆ" ಅಂದ. ನಳಿಗೆ ಗೋಡೆಯ ಮೊಳೆಗೆ ನೇತಾಡುತ್ತಲೇ ಇತ್ತು. ನೋಡಿದ್ದೆ. ನೋಡಿ ಖುಷಿಪಟ್ಟಿದ್ದೆ, ಐದು ನಿಮಿಷದಲ್ಲಿ ಮುಗಿಯಿತಲ್ಲ ಅಂತ. ಆ 12 ಯಾವ ಗಾಡಿಯ ಉಸಿರೋ. ಅದಕ್ಕೂ ಹಿಂದಿನ ವರ್ಷಗಳ ಕಾಗದಗಳಲ್ಲಿ ಎಷ್ಟು ನಿಜ ಅಂತ ಹೇಳಲು ನನ್ನಲ್ಲಿ ಆಧಾರವಿಲ್ಲ, ಏಕೆಂದರೆ ನಾನು ಗಾಡಿಯಿಂದ ಕೆಳಗೇ ಇಳಿದಿರಲಿಲ್ಲ. ಕಾಪಿ ಹೊಡೆದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವವಳು ನಾನು.

ಮರುದಿನ ಬನವಾಸಿ ರಸ್ತೆಯ ಮಿಸ್ತ್ರಿಯ ಗ್ಯಾರೇಜಿಗೆ ಹೋದೆ. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಚೀಟಿ ಓದಿ ಮಡಚಿ ಕಿಸೆಗೆ ಹಾಕಿಕೊಂಡರು. ಬಾನೆಟ್ ತೆಗೆದು ಸುಮ್ಮನೆ ನಿಂತು ಎರಡು ನಿಮಿಷ ಎಂಜಿನ್ನಿನ ಸದ್ದು ಕೇಳಿದರು.

"ಮಿಸ್ಸಿಂಗ್ ಹೊಡೀತದೆ. ನಿಮಗೆ ಕೇಳ್ತದಾ?"

ನನಗೆ ಕೇಳಲಿಲ್ಲ. ನಾಲ್ಕು ಹೆಜ್ಜೆಯ ತಾಳದಲ್ಲಿ ಒಂದು ಹೆಜ್ಜೆ ಆಗಾಗ ಎಡವುತ್ತಿದೆ ಅಂತ ಬೋಲ್ಟ್ ಒಂದರಿಂದ ಫೆಂಡರಿನ ಮೇಲೆ ತಟ್ಟಿ ತೋರಿಸಿದರು. ಆಗ ಕೇಳಿತು. ಆಮೇಲೆ ಕೇಳದೆ ಇರಲು ಸಾಧ್ಯವೇ ಆಗಲಿಲ್ಲ.

ಮೊದಲು ಏರ್ ಫಿಲ್ಟರಿನ ಡಬ್ಬ ಬಿಚ್ಚಿದರು. ಒಳಗೆ ಇಲಿ ಸಂಸಾರ ಹೂಡಿದ ಗುರುತು. ಭತ್ತದ ಹೊಟ್ಟು, ಅಡಿಕೆ ಸಿಪ್ಪೆಯ ನಾರು, ನಮ್ಮ ಮನೆಯದ್ದೇ ಅಂತ ನಾನು ಗುರುತಿಸಬಹುದಾದ ಹಸಿರು ಮೆತ್ತೆಯ ಹತ್ತಿ. ಇದೇ ಕಾರಣ ಅಂತ ನನಗೆ ಅನಿಸಿತು. ಮಿಸ್ತ್ರಿ ತಲೆಯಾಡಿಸಿದರು. ಕಾರ್ಬುರೇಟರ್ ಕಾಲವಾದರೆ ಹೌದು, ಫಿಲ್ಟರ್ ಕಟ್ಟಿದರೆ ಪೆಟ್ರೋಲ್ ಹೆಚ್ಚಾಗಿ ಕರಿ ಹೊಗೆ ಬರುತ್ತಿತ್ತು. ಈಗಿನ ಗಾಡಿಯಲ್ಲಿ ಒಳಗೆ ಬರುವ ಗಾಳಿಯನ್ನು ಸೆನ್ಸರ್ ಅಳೆಯುತ್ತದೆ, ಗಾಳಿ ಕಮ್ಮಿಯಾದರೆ ಪೆಟ್ರೋಲನ್ನೂ ಕಮ್ಮಿ ಮಾಡುತ್ತದೆ. ಪಿಕಪ್ ಹೋಗುತ್ತದೆ, ಹೊಗೆ ಕೆಡುವುದು ಅಷ್ಟಕ್ಕಷ್ಟೇ. ಫಿಲ್ಟರ್ ಬದಲಾಯಿಸಿದೆವು, ಅದು ಬೇರೆ ಮಾತು.

ಆಮೇಲೆ ಅವರು ಮಾಡಿದ್ದು ನನಗೆ ಬಹಳ ಹಿಡಿಸಿತು. ನಾಲ್ಕು ಸಿಲಿಂಡರಿಗೆ, ಪ್ಲಗ್ಗಿನ ಕಿಡಿಗೆ ವಿದ್ಯುತ್ ಕೊಡುವ ನಾಲ್ಕು ಕಾಯಿಲ್. ಸ್ಟೀರಿಂಗ್ ಕೆಳಗಿನ ಕಿಂಡಿಗೆ ಸ್ಕ್ಯಾನರ್ ಚುಚ್ಚಿ ನೋಡಿದಾಗ ಮೂರನೆಯದ್ದರಲ್ಲಿ ಎಡವಟ್ಟು ಅಂತ ಬಂತು. ಮೂರನೆಯ ಕಾಯಿಲನ್ನು ತೆಗೆದು ಒಂದನೆಯದ್ದಕ್ಕೆ, ಒಂದನೆಯದ್ದನ್ನು ಮೂರಕ್ಕೆ ಹಾಕಿ ಮತ್ತೆ ಓಡಿಸಿದರು. ರೋಗ ಕಾಯಿಲಿನ ಜೊತೆ ಹೋಗುತ್ತದೋ, ಇದ್ದಲ್ಲೇ ಇರುತ್ತದೋ? ಇದ್ದಲ್ಲೇ ಇತ್ತು. ಹಾಗಾದರೆ ಕಾಯಿಲ್ ನಿರಪರಾಧಿ, ತಪ್ಪು ಕೆಳಗಿನ ಪ್ಲಗ್ಗಿನದ್ದು. ಒಂದು ಚರಾಂಶ ಮಾತ್ರ ಬದಲಾಯಿಸು, ಉಳಿದದ್ದನ್ನು ಹಾಗೇ ಇಡು ಅಂತ ನಾನು ಹಲಗೆಯ ಮೇಲೆ ಬರೆದು ಗಂಟಲು ಒಣಗಿಸಿಕೊಳ್ಳುವ ಪಾಠ.

ಪ್ಲಗ್ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ತುದಿಯ ಲೋಹ ಸವೆದು ಗುಂಡಗಾಗಿತ್ತು, ಕಿಡಿ ಹಾರಬೇಕಾದ ಸಂದು ಅಗಲವಾಗಿತ್ತು. ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ, ಪೆನ್ಸಿಲಿನಿಂದ ಎಳೆದ ಹಾಗೆ, ಮೇಲಿಂದ ಕೆಳತನಕ. ಕಿಡಿ ಸಂದಿನಲ್ಲಿ ಹಾರುವ ಬದಲು ಈ ಗೆರೆಯ ಗುಂಟ ಹೊರಗಿನಿಂದಲೇ ಜಾರಿಹೋಗುತ್ತಿತ್ತು. ಮಳೆಗಾಲದ ತೇವದಲ್ಲಿ ಅದಕ್ಕೆ ಇನ್ನೂ ಸಲೀಸು. ಕಿಡಿ ತಪ್ಪಿದಾಗಲೆಲ್ಲ ಒಂದು ಗುಟುಕು ಹಸಿ ಪೆಟ್ರೋಲ್ ಹಾಗೇ ಹೊರಗೆ. ಅದೇ ಆ 262.

"ಹೀಗೇ ಓಡಿಸಿದ್ರೆ ಆ ಪೆಟ್ರೋಲ್ ಕನ್ವರ್ಟರಿನೊಳಗೆ ಹೋಗಿ ಉರೀತದೆ. ಒಳಗಿನ ಪಿಂಗಾಣಿ ಕರಗ್ತದೆ. ಪ್ಲಗ್ಗು ನೂರರ ಲೆಕ್ಕ ಅಕ್ಕೋರೇ, ಅದು ಸಾವಿರಗಳ ಲೆಕ್ಕ" ಅಂದರು ಮಿಸ್ತ್ರಿ. ನಾಲ್ಕೂ ಪ್ಲಗ್, ಮೂರನೆಯ ಕಾಯಿಲಿನ ರಬ್ಬರ್ ಟೊಪ್ಪಿ ಬದಲಾದವು.

ಮಾರನೆಯ ದಿನ ಮತ್ತೆ ಹುಬ್ಬಳ್ಳಿ ರಸ್ತೆ. ಈ ಸಲ ಮನೆಯಿಂದ ನೇರ ಬಿಸಿಬಿಸಿ. ಕರೆಂಟು ಇತ್ತು, ಒಟಿಪಿ ಬರಲಿಲ್ಲ. ನೋಂದಣಿಗೆ ಕೊಟ್ಟಿದ್ದು ನಮ್ಮವರ ನಂಬರು, ಅವರು ತೋಟದಲ್ಲಿ. ನಮ್ಮ ತೋಟದಲ್ಲಿ ಮಳೆ ಬಂದರೆ ಉಂಬಳ (ಜಿಗಣೆ) ಸಿಗುತ್ತದೆ, ನೆಟ್‌ವರ್ಕ್ ಸಿಗುವುದಿಲ್ಲ. ಮನೆಯ ಲ್ಯಾಂಡ್‌ಲೈನಿಗೆ ಮಾಡಿ, ಅತ್ತೆ ಅಂಗಳದ ಕೊನೆಯಿಂದ ಕೂಗಿ, ಅವರು ದಿಬ್ಬ ಹತ್ತಿ, ಅಂಕಿ ಹೇಳುವಷ್ಟರಲ್ಲಿ ಒಟಿಪಿಯ ಆಯುಷ್ಯ ಮುಗಿದಿತ್ತು. ಎರಡನೆಯದ್ದು ಹಿಡಿಯಿತು.

ಹೈಡ್ರೋಕಾರ್ಬನ್ 54. ನಾನು ಕೈ ತಟ್ಟುವುದೊಂದು ಬಾಕಿ. ಲ್ಯಾಂಬ್ಡಾ 1.05. ಮತ್ತೆ ಕೆಂಪು.

ಹುಡುಗ ಆಮ್ಲಜನಕದ ಸಾಲಿಗೆ ಬೆರಳಿಟ್ಟ, 1.2 ಪ್ರತಿಶತ. ಕನ್ವರ್ಟರ್ ದಾಟಿ ಬಂದ ಚಲೋ ಗಾಡಿಯ ಹೊಗೆಯಲ್ಲಿ ಅಷ್ಟು ಉಳಿಯಬಾರದು. ಡೈಆಕ್ಸೈಡ್ 14. "ಇದು ಹದಿನೈದರ ಹತ್ರ ಇರ್ಬೇಕು."

"ಡೈಆಕ್ಸೈಡ್ ಕಮ್ಮಿ ಇದ್ರೆ ಒಳ್ಳೇದಲ್ವೇನೋ?" ಅಂದೆ.

ಅವನು ನಕ್ಕ. ನಾನು ಸಿಕ್ಕಿಬಿದ್ದದ್ದು ಇಲ್ಲೇ. ಭೂಮಿ ಬಿಸಿಯಾಗುವುದಕ್ಕೆ ಡೈಆಕ್ಸೈಡ್ ಕಾರಣ ಅಂತ ಪರಿಸರ ದಿನದ ಭಾಷಣದಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಆದರೆ ಈ ಪರೀಕ್ಷೆಯಲ್ಲಿ ಅದು ಹೆಚ್ಚಿದ್ದಷ್ಟೂ ಉರಿ ಚೊಕ್ಕ ಅಂತ ಅರ್ಥ. ಅದಕ್ಕೆ ಮಿತಿಯೇ ಇಲ್ಲ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಡೈಆಕ್ಸೈಡ್, ಎಷ್ಟೇ ಚೊಕ್ಕವಾಗಿ ಸುಡಲಿ. ಲೀಟರಿಗೆ 15 ಕಿಲೋಮೀಟರ್ ಕೊಡುವ ಗಾಡಿ ಕಿಲೋಮೀಟರಿಗೆ 150 ಗ್ರಾಂ ಚೆಲ್ಲುತ್ತದೆ. ನನ್ನ ಶಾಲೆಯ ಒಂದು ಸುತ್ತಿಗೆ ಒಂದು ಕಿಲೋಕ್ಕೆ ಸ್ವಲ್ಪ ಕಡಿಮೆ. ಹಸಿರು ಅಕ್ಷರದಲ್ಲಿ ಪಾಸ್ ಅಂತ ಬಂದ ಕಾಗದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇದಕ್ಕೆ ಲಗಾಮು ಬೇರೆ ಕಡೆ ಇದೆ. ಕಂಪನಿಯವರು ಮಾರುವ ಎಲ್ಲ ಕಾರುಗಳ ಸರಾಸರಿಗೆ ಸರ್ಕಾರ ಮಿತಿ ಹಾಕುತ್ತದೆ, 2017ರಿಂದ ಕಿಲೋಮೀಟರಿಗೆ 130 ಗ್ರಾಂ, 2022ರಿಂದ 113. ಸರಾಸರಿ ಅನ್ನುವುದನ್ನು ಗಮನಿಸಿ. ಸಣ್ಣ ಕಾರು, ವಿದ್ಯುತ್ ಕಾರು ಮಾರಿ ದೊಡ್ಡದರ ಲೆಕ್ಕ ತುಂಬಿಸಬಹುದು. ತರಗತಿಯ ಸರಾಸರಿಯ ಹಿಂದೆ ಯಾರು ಯಾರು ಅಡಗಿರುತ್ತಾರೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚೀಟಿ ನಂಬರ್ ಎರಡು ಹಿಡಿದು ಮತ್ತೆ ಮಿಸ್ತ್ರಿಯ ಬಳಿಗೆ. ಅವರು ಈ ಸಲ ಬಾನೆಟ್ ಮುಟ್ಟಲೇ ಇಲ್ಲ. ಗಾಡಿಯನ್ನು ಹೊಂಡದ ಮೇಲೆ ನಿಲ್ಲಿಸಿ, ಕೆಲಸದ ಹುಡುಗನಿಗೆ ದಪ್ಪ ಬಟ್ಟೆಯಿಂದ ಸೈಲೆನ್ಸರಿನ ಬಾಯಿ ಒತ್ತಿ ಹಿಡಿಯಲು ಹೇಳಿದರು. ಎಂಜಿನ್ ಓಡುತ್ತಿತ್ತು. ಕೆಳಗೆಲ್ಲೋ ಪುಸು ಪುಸು. ಸೋಪಿನ ನೀರು ಚಿಮುಕಿಸಿದರು. ಕನ್ವರ್ಟರ್ ಮುಗಿದು ನಡುವಿನ ಕೊಳವೆ ಶುರುವಾಗುವಲ್ಲಿ ಎರಡು ಚಪ್ಪಟೆ ಬಿಲ್ಲೆ ಜೋಡಿಸಿ ಬೋಲ್ಟ್ ಹಾಕಿರುತ್ತಾರೆ. ಅಲ್ಲಿ ಗುಳ್ಳೆ ಎದ್ದವು, ಮಕ್ಕಳು ಪಪ್ಪಾಯಿ ಕೊಳವೆಯಲ್ಲಿ ಊದಿದ ಹಾಗೆ. ಬಿಲ್ಲೆಗಳ ನಡುವಿನ ಪ್ಯಾಕಿಂಗ್ ತಿಂದುಹೋಗಿ, ಬಿಲ್ಲೆಯ ಅಂಚೂ ತುಕ್ಕಿನ ಪದರಾಗಿ ಉಗುರಿಗೆ ಕಿತ್ತು ಬರುತ್ತಿತ್ತು.

"ಹೊಗೆ ಹೊರಗೆ ಬರ್ತಿದ್ರೆ, ಗಾಳಿ ಒಳಗೆ ಹ್ಯಾಗೆ ಹೋಗ್ತದೆ?" ನನ್ನ ಅನುಮಾನ.

ಹೊಗೆ ನಲ್ಲಿಯ ನೀರಿನ ಹಾಗೆ ಒಂದೇ ಸಮ ಹರಿಯುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತದ ನಡುವೆ ಒಳಗೆ ಒತ್ತಡ ಕುಸಿಯುತ್ತದೆ, ಆಗ ಆ ಸಂದಿನಿಂದ ಹೊರಗಿನ ಗಾಳಿ ಒಳಗೆ ಸೇರಿಕೊಳ್ಳುತ್ತದೆ. ಸೋರಿಕೆ ಕನ್ವರ್ಟರಿನ ಆಚೆಗಿದ್ದದ್ದರಿಂದ ಎಂಜಿನ್ನಿಗೂ ಗೊತ್ತಿಲ್ಲ, ಅದರ ಸೆನ್ಸರಿಗೂ ಗೊತ್ತಿಲ್ಲ. ಊರಿನ ಗಾಳಿಗೆ ಅದರಿಂದ ಹೆಚ್ಚಿನ ವಿಷವೂ ಸೇರುತ್ತಿರಲಿಲ್ಲ. ತಮಾಷೆ ಅಂದರೆ, ಹೀಗೆ ಗಾಳಿ ಬೆರೆತಾಗ ಮಾನಾಕ್ಸೈಡು, ಹೈಡ್ರೋಕಾರ್ಬನ್ನು ನಿಜಕ್ಕಿಂತ ಕಮ್ಮಿ ಕಾಣುತ್ತವೆ. ಹಾಲಿಗೆ ನೀರು ಬೆರೆಸಿದ ಹಾಗೆ. ನಳಿಗೆಯನ್ನು ಪೂರ್ತಿ ಒಳಗೆ ಹಾಕದೆ ತುದಿಯಲ್ಲೇ ಹಿಡಿದರೂ ಇದೇ ಆಗುತ್ತದೆ. ಹುಡುಗ ಹೇಳಿದ ಮಾತು ಆಗ ತಲೆಗೆ ಹೋಯಿತು. ನೀರು ಬೆರೆತದ್ದನ್ನು ಹಿಡಿಯುವ ಕಡ್ಡಿ ಈ ಲ್ಯಾಂಬ್ಡಾ. ಉಳಿದ ಅಂಕಿ ಎಷ್ಟೇ ಚಂದ ಕಂಡರೂ ಇದು ಒಂದರ ಹತ್ತಿರ ಇಲ್ಲದಿದ್ದರೆ ಆ ಚಂದಕ್ಕೆ ಬೆಲೆ ಇಲ್ಲ.

ತುಕ್ಕು ಯಾಕೆ ಅಂತ ಕೇಳಿದ್ದಕ್ಕೆ ಮಿಸ್ತ್ರಿ ನನ್ನನ್ನೇ ಕೇಳಿದರು, ದಿನಾ ಎಷ್ಟು ಓಡಿಸ್ತೀರಿ ಅಂತ. ಮೂರು ಕಿಲೋಮೀಟರ್ ಅಂದೆ. ಹುಟ್ಟಿದ ನೀರು ಆವಿಯಾಗಿ ಹೊರಬೀಳುವಷ್ಟು ಸೈಲೆನ್ಸರ್ ಬಿಸಿಯಾಗುವುದೇ ಇಲ್ಲ, ಒಳಗೇ ನಿಂತು ಒಳಗಿನಿಂದ ತಿನ್ನುತ್ತದೆ. ಹೊರಗಿನಿಂದ ತಿನ್ನಲು ಕಾರವಾರದ ಉಪ್ಪುಗಾಳಿ. "ಕರಾವಳಿಯಿಂದ ಬಂದ ಕೂಡ್ಲೇ ಅಡಿಗೆ ನೀರು ಹೊಡ್ಸಿ. ವಾರಕ್ಕೊಂದ್ಸಲ ಅರ್ಧ ತಾಸು ದೂರ ಓಡ್ಸಿ." ಶಾಲೆಗೆ ಸ್ಕೂಟಿಯಲ್ಲಿ ಹೋಗಿ ಅಂತ ಅವರು ಹೇಳಲಿಲ್ಲ, ನಾನೇ ಅಂದುಕೊಂಡೆ. ಈಗ ಮಳೆ ಇಲ್ಲದ ದಿನ ಅದೇ ಮಾಡುತ್ತೇನೆ, ಮಳೆ ಇರುವ ದಿನ ಮಾಡುವುದಿಲ್ಲ. ನಮ್ಮಲ್ಲಿ ಮಳೆ ಇಲ್ಲದ ದಿನ ಎಷ್ಟು ಅಂತ ಕೇಳಬೇಡಿ.

ಪ್ಯಾಕಿಂಗ್ ಹುಬ್ಬಳ್ಳಿಯಿಂದ ಬರಲು ಮೂರು ದಿನ. ಆ ಮೂರು ದಿನದಲ್ಲಿ ನಮ್ಮವರು ಪೆಟ್ರೋಲಿನ ವಿಷಯ ತೆಗೆದರು. ಶೇಕಡಾ 20 ಎಥನಾಲ್ ಬೆರೆಸಿದ್ದರಿಂದಲೇ ಇದೆಲ್ಲ ಅಂತ ಅವರ ವಾದ, ಊರಿನ ಅರ್ಧ ಜನರ ವಾದವೂ ಅದೇ. ಮಿಸ್ತ್ರಿ ಅದಕ್ಕೆ ಪೂರ್ತಿ ಹೌದು ಅನ್ನಲಿಲ್ಲ, ಪೂರ್ತಿ ಅಲ್ಲ ಅಂತಲೂ ಅನ್ನಲಿಲ್ಲ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಮ್ಮಿ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ನಿಜ. 2018ರ ಗಾಡಿಯ ರಬ್ಬರ್ ಕೊಳವೆಗಳ ಮೇಲೆ ಕಣ್ಣಿಟ್ಟಿರಬೇಕು ಅನ್ನುವುದೂ ನಿಜ. ಆದರೆ ಎಥನಾಲ್ ತನ್ನ ಜೊತೆಗೇ ಆಮ್ಲಜನಕ ತರುತ್ತದೆ, ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಅಳತೆ ಸರಿಮಾಡಿಕೊಳ್ಳುತ್ತದೆ. ತುಕ್ಕು ಹಿಡಿದ ಬಿಲ್ಲೆಯನ್ನಾಗಲಿ, ಸೀಳಿದ ಪ್ಲಗ್ಗನ್ನಾಗಲಿ ಹಳಿಯಾಳದ ಕಬ್ಬಿನ ತಲೆಗೆ ಕಟ್ಟುವುದು ಅನ್ಯಾಯ.

ಅದೇ ಮೂರು ದಿನ ನನಗೆ ಇನ್ನೊಂದು ಹುಳ ಹೊಕ್ಕಿತ್ತು. ಈ ಪರೀಕ್ಷೆಯಲ್ಲಿ ಗಾಡಿ ನಿಂತಿರುತ್ತದೆ. ನಮ್ಮ ಗಾಡಿ ನಿಜಕ್ಕೂ ಏದುಸಿರು ಬಿಡುವುದು ಕತಗಾಲ ದಾಟಿದಮೇಲೆ, ದೇವಿಮನೆ ತಿರುವುಗಳಲ್ಲಿ, ಎರಡನೇ ಗೇರಿನಲ್ಲಿ, ಹಿಂದೆ ತೆಂಗಿನಕಾಯಿ ಚೀಲ ಹೊತ್ತು. ಎಂಜಿನ್ನಿನ ಮೇಲೆ ಭಾರ ಬಿದ್ದು ಉರಿಯ ಶಾಖ ಏರಿದಾಗ ಹುಟ್ಟುವ ನೈಟ್ರೋಜನ್ ಆಕ್ಸೈಡುಗಳಿಗೆ ನಮ್ಮ ಹೊಗೆ ಕೇಂದ್ರದಲ್ಲಿ ಮಿತಿಯೇ ಇಲ್ಲ. ಅದನ್ನು ನೋಡುವುದು ಗಾಡಿ ಮಾರುಕಟ್ಟೆಗೆ ಬರುವ ಮೊದಲು, ವಾಹನ ಪರೀಕ್ಷಾ ಸಂಸ್ಥೆಗಳಲ್ಲಿ, ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಕಡೆ. ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗದ ಪಟ್ಟಿಯಂತೆ ಓಡಿಸಿ, ಹೊಗೆಯನ್ನು ಚೀಲದಲ್ಲಿ ತುಂಬಿ ಅಳೆಯುತ್ತಾರೆ. ಆ ಪಟ್ಟಿಯಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್, ಘಟ್ಟ ಇಲ್ಲ, ಹಲಸಿನಹಣ್ಣೂ ಇಲ್ಲ. ಬಿಎಸ್-4 ಪೆಟ್ರೋಲ್ ಕಾರಿಗೆ ನೈಟ್ರೋಜನ್ ಆಕ್ಸೈಡಿನ ಮಿತಿ ಕಿಲೋಮೀಟರಿಗೆ 0.08 ಗ್ರಾಂ ಇತ್ತು, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ 0.06ಕ್ಕೆ ಇಳಿಯಿತು. 2023ರ ಏಪ್ರಿಲ್‌ನಿಂದ ಹೊಸ ಗಾಡಿಗಳ ಹಿಂಬದಿಗೆ ಅಳೆಯುವ ಪೆಟ್ಟಿಗೆ ಕಟ್ಟಿ ನಿಜವಾದ ರಸ್ತೆಯಲ್ಲೂ ಓಡಿಸಿ ನೋಡುತ್ತಾರೆ. ಒಂದು ಸಲ ಜುಲೈ ತಿಂಗಳಲ್ಲಿ ನಮ್ಮ ಘಟ್ಟಕ್ಕೂ ಬರಲಿ.

ಪ್ಯಾಕಿಂಗ್ ಬಂತು. ಬಿಲ್ಲೆಯನ್ನು ಉಜ್ಜಿ ಸಮ ಮಾಡಿ, ಹೊಸ ಬೋಲ್ಟ್ ಹಾಕಿ ಬಿಗಿದರು. ಎಲ್ಲ ಸೇರಿ 2,900 ರೂಪಾಯಿ. ಹೊಗೆ ಪ್ರಮಾಣಪತ್ರ ಇಲ್ಲದೆ ಸಿಕ್ಕಿಬಿದ್ದರೆ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡ ಇದೆ ಅಂತ ಮನೆಯಲ್ಲಿ ಹೇಳಿ ನನ್ನ ಖರ್ಚನ್ನು ಸಣ್ಣದು ಮಾಡಿಕೊಂಡೆ.

ಮೂರನೆಯ ಸಲ ಹೋದಾಗ ನಾನು ಗಾಡಿಯಿಂದ ಇಳಿದು ನಳಿಗೆ ಎಷ್ಟು ಒಳಗೆ ಹೋಯಿತು ಅಂತ ನೋಡಿದೆ. ಹುಡುಗ ಏನೂ ಅನ್ನಲಿಲ್ಲ, ಕ್ಲಿಪ್ಪನ್ನು ಇನ್ನೊಮ್ಮೆ ಒತ್ತಿದ. ಮಾನಾಕ್ಸೈಡ್ 0.02. ಹೈಡ್ರೋಕಾರ್ಬನ್ 38. ಒಳಗೆ ಕೂತು ಮುಳ್ಳನ್ನು 2,500ರಲ್ಲಿ ಹಿಡಿದೆ, ಈ ಸಲ ಕಾಲು ನಡುಗಲಿಲ್ಲ. ಡೈಆಕ್ಸೈಡ್ 14.9, ಆಮ್ಲಜನಕ 0.2. ಲ್ಯಾಂಬ್ಡಾ ಸ್ವಲ್ಪ ಹೊತ್ತು 1.01, 1.00 ಅಂತ ಓಲಾಡಿ 1.004ಕ್ಕೆ ನಿಂತಿತು.

"ಅಡ್ಡಿಲ್ಲ ಅಕ್ಕೋರೇ" ಅಂದ. ಇಡೀ ವಾರದಲ್ಲಿ ನಾನು ಕೇಳಿದ ಅತಿ ದೊಡ್ಡ ಹೊಗಳಿಕೆ.

ಮುಂದಿನ ಕಾರವಾರದ ಓಡಾಟದಲ್ಲಿ ಬಂಡಲದಿಂದ ಘಟ್ಟ ಇಳಿಯುವಾಗ ಕಿಟಕಿ ಇಳಿಸಿ ತಾಳ ಕೇಳಿದೆ. ನಾಲ್ಕು ಹೆಜ್ಜೆಯೂ ಸರಿ. ಮೈಲೇಜು ಲೀಟರಿಗೆ 12ಕ್ಕೆ ಬಂದು ನಿಂತಿದ್ದದ್ದು 14 ದಾಟಿತು. ಮಗಳ ಹಾಸ್ಟೆಲಿನಿಂದ ಬಂದ ಕೂಡಲೇ ಅಡಿಗೆ ನೀರು ಹೊಡೆಸಿದೆ.

ಹೋದ ವಾರ ಸಿದ್ದಾಪುರದ ಭಾವ ಫೋನ್ ಮಾಡಿದ್ದ. ಅವನದ್ದು ಹಳೆಯ ಡೀಸೆಲ್ ಜೀಪು, ಬರುವುದು ಊರಿಗೆಲ್ಲ ಮೊದಲೇ ಕಾಣುತ್ತದೆ. ಎಮಿಷನ್ ಮುಗಿದು ಹದಿನೈದು ದಿನವಾಯಿತಂತೆ. ನೀ ಈ ಸಲ ಎಲ್ಲಿ ಮಾಡ್ಸಿದ್ದೆ ಅಂತ ಕೇಳಿದ. ಹುಬ್ಬಳ್ಳಿ ರಸ್ತೆಯ ಗುರುತು ಹೇಳಿದೆ.

"ಅಲ್ಲಿ ನಳಿಗೆ ಒಳಗೆ ಹಾಕ್ತ್ವನೇ?"

"ಒಂದು ಅಡಿ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನಿಂಗಳಲ್ಲಿ ಮಳೆ ಹ್ಯಾಂಗಿದ್ದು?" ಅಂತ ಕೇಳಿದ.